ಜ್ವರದಲ್ಲಿ ಮಗುವಿಗೆ ಮೊದಲ ಸಲ ಫಿಟ್ಸ್ ಬಂದರೆ ತಲೆ ಸ್ಕ್ಯಾನ್ ಮಾಡಿಸಲೇಬೇಕೇ?

ಒಂದೇ ನೋಟದಲ್ಲಿ

- 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ ಜ್ವರದ ಜೊತೆ ಚಿಕ್ಕ ಫಿಟ್ಸ್ ಬಂದು, ಆಮೇಲೆ ಮಗು ಮೊದಲಿನಂತಾದರೆ ತಲೆಯ ಸಿಟಿ ಸ್ಕ್ಯಾನ್, ಎಂಆರ್‌ಐ, ಇಇಜಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.
- ಆದರೂ ಅದೇ ದಿನ ಡಾಕ್ಟರಿಗೆ ತೋರಿಸಲೇಬೇಕು. ಫಿಟ್ಸ್ ಯಾಕೆ ಬಂತು ಎನ್ನುವುದಕ್ಕಿಂತ ಜ್ವರ ಯಾಕೆ ಬಂತು ಎಂದು ಹುಡುಕುವುದು ಮುಖ್ಯ.
- ಕೆಲವು ಮಕ್ಕಳಿಗೆ ಬೆನ್ನಿನ ನೀರಿನ ಪರೀಕ್ಷೆ ಜೀವ ಉಳಿಸುತ್ತದೆ. ಅದಕ್ಕೆ ಹೆದರಿ ಬೇಡ ಎನ್ನಬೇಡಿ.
- ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್, ಮೊದಲೇ ಕೊಟ್ಟ ಔಷಧದ ಚೀಟಿ, ಸಾಧ್ಯವಾದರೆ ಫಿಟ್ಸ್‌ನ ವಿಡಿಯೊ ಇರಲಿ.

ಹರಿದಾಡುವ ಮಾತು

“ಜ್ವರದಲ್ಲಿ ಫಿಟ್ಸ್ ಬಂದರೆ ಜ್ವರ ತಲೆಗೇರಿದೆ ಎಂದರ್ಥ. ತಕ್ಷಣ ತಲೆ ಸ್ಕ್ಯಾನ್ ಮಾಡಿಸಿ, ಇಲ್ಲದಿದ್ದರೆ ಮಗುವಿನ ಬುದ್ಧಿ ಬೆಳೆಯುವುದಿಲ್ಲ.” ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಕೆಲವದರ ಜೊತೆ ಕೈಕಾಲು ಸೆಟೆದುಕೊಂಡ ಮಗುವಿನ ವಿಡಿಯೊ ಕೂಡ ಇರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಆ ಸಲಹೆ ಅರ್ಧ ತಪ್ಪು, ಮತ್ತು ಆ ಅರ್ಧ ತಪ್ಪಿಗೆ ಬಡ ಮನೆಗಳು ದುಡ್ಡು ಸುರಿಯುತ್ತವೆ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಊರಿನಿಂದ ನೋಡಿ. ತಲೆ ಸ್ಕ್ಯಾನ್ ಎಂದರೆ ಮಗುವನ್ನು ರಾಯಚೂರಿಗೆ ಕರೆದೊಯ್ಯಬೇಕು. ಗಾಡಿ ಬಾಡಿಗೆ, ತಂದೆ ತಾಯಿ ಇಬ್ಬರ ಕೂಲಿ ನಷ್ಟ, ಸ್ಕ್ಯಾನಿಂಗ್ ಸೆಂಟರಿನ ಬಿಲ್ಲು, ನಡುವೆ ಊಟ ಉಪಚಾರ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ದಿನ ದೂಡುವ ಮನೆಯಲ್ಲಿ ಇದಕ್ಕೆ ಸಾಲ ತೆಗೆಯಬೇಕಾಗುತ್ತದೆ ಅಥವಾ ಕಿವಿಯೋಲೆ ಅಡ ಇಡಬೇಕಾಗುತ್ತದೆ. ಆ ಖರ್ಚಿನಿಂದ ಮಗುವಿಗೆ ಒಳ್ಳೆಯದಾಗುವುದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಒಳ್ಳೆಯದಾಗುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ಜ್ವರದ ಫಿಟ್ಸ್ ಎಂದರೇನು?

ಚಿಕ್ಕ ಮಕ್ಕಳ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಮೈಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಕೆಲವು ಮಕ್ಕಳ ಮೆದುಳಿನ ನರಕೋಶಗಳು ಸ್ವಲ್ಪ ಹೊತ್ತು ಲಯ ತಪ್ಪಿ ಕೆಲಸ ಮಾಡುತ್ತವೆ. ಕಣ್ಣು ಮೇಲಕ್ಕೆ ಹೋಗುತ್ತದೆ, ಕೈಕಾಲು ಸೆಟೆಯುತ್ತವೆ ಅಥವಾ ಅದುರುತ್ತವೆ, ಬಾಯಲ್ಲಿ ನೊರೆ ಬರಬಹುದು, ತುಟಿ ನೀಲಿಯಾಗಬಹುದು. ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ನೋಡುವವರಿಗೆ ಮಾತ್ರ ಅದು ಒಂದು ಗಂಟೆಯಂತೆ ಕಾಣುತ್ತದೆ. ಮಗು ಹೋಗೇ ಬಿಟ್ಟಿತು ಎಂದು ಕಿರುಚಿಕೊಳ್ಳದ ತಾಯಿ ಇಲ್ಲ.

ಇದು ಅಪರೂಪವಲ್ಲ. ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಐದು ವರ್ಷದೊಳಗೆ ಒಮ್ಮೆಯಾದರೂ ಹೀಗಾಗುತ್ತದೆ. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನಲ್ಲಿ ಹೆಚ್ಚು. ತಂದೆ, ತಾಯಿ ಅಥವಾ ಅಣ್ಣ ಅಕ್ಕಂದಿರಿಗೆ ಚಿಕ್ಕಂದಿನಲ್ಲಿ ಹೀಗಾಗಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಹಿಂದಿನವರು ಇದನ್ನು ಬಾಲಗ್ರಹ ಎಂದು ಕರೆದು ತಾಯತ ಕಟ್ಟಿಸುತ್ತಿದ್ದರು, ಬರೆ ಹಾಕಿಸುತ್ತಿದ್ದರು. ಮಗು ಆಮೇಲೆ ಸರಿಹೋಗುತ್ತಿದ್ದುದು ಬರೆಯಿಂದಲ್ಲ. ಜ್ವರದ ಫಿಟ್ಸ್ ಹೇಗೂ ತಾನೇ ನಿಲ್ಲುತ್ತದೆ. ಬರೆಯಿಂದ ಉಳಿದದ್ದು ಗಾಯ ಮತ್ತು ನಂಜು ಮಾತ್ರ.

“ಜ್ವರ ತಲೆಗೇರಿತು” ಎನ್ನುವ ಮಾತೂ ಹೀಗೆಯೇ. ಜ್ವರ ಮೆದುಳನ್ನು ಸುಟ್ಟಿತು ಎಂದು ಇದರ ಅರ್ಥವಲ್ಲ. ಎಷ್ಟೋ ಸಲ ಫಿಟ್ಸ್ ಬರುವುದು ಜ್ವರ ಶುರುವಾದ ಮೊದಲ ದಿನವೇ. ಮಗುವಿಗೆ ಜ್ವರ ಇದೆ ಎಂದು ಮನೆಯವರಿಗೆ ಗೊತ್ತಾಗುವುದೇ ಫಿಟ್ಸ್ ಬಂದ ಮೇಲೆ.

ಎರಡು ಬಗೆ: ಸರಳ ಮತ್ತು ಸಂಕೀರ್ಣ

ಯಾವ ಪರೀಕ್ಷೆ ಬೇಕು ಎನ್ನುವುದು ಈ ವಿಂಗಡಣೆಯ ಮೇಲೆ ನಿಂತಿದೆ.

ಸರಳ ಜ್ವರದ ಫಿಟ್ಸ್: ಮಗುವಿನ ವಯಸ್ಸು 6 ತಿಂಗಳಿಂದ 5 ವರ್ಷ. ಎರಡೂ ಕೈ, ಎರಡೂ ಕಾಲು ಅದುರುತ್ತವೆ. 15 ನಿಮಿಷದೊಳಗೆ ನಿಲ್ಲುತ್ತದೆ. 24 ಗಂಟೆಯಲ್ಲಿ ಮತ್ತೆ ಬರುವುದಿಲ್ಲ. ಮಗುವಿಗೆ ಮೊದಲಿನಿಂದ ನರದ ತೊಂದರೆ ಇಲ್ಲ.

ಸಂಕೀರ್ಣ ಜ್ವರದ ಫಿಟ್ಸ್: 15 ನಿಮಿಷ ಮೀರುತ್ತದೆ, ಅಥವಾ ಮೈಯ ಒಂದೇ ಬದಿ ಅದುರುತ್ತದೆ, ಅಥವಾ ಒಂದೇ ದಿನದಲ್ಲಿ ಮತ್ತೆ ಬರುತ್ತದೆ.

ಹೆಚ್ಚಿನ ಮಕ್ಕಳದು ಸರಳ ಬಗೆ. ಫಾರ್ವರ್ಡ್ ಸಂದೇಶಗಳು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ.

ಸರಳ ಫಿಟ್ಸ್‌ಗೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು, 2011ರಲ್ಲಿ ಅದನ್ನು ಪರಿಷ್ಕರಿಸಿತು. ನಮ್ಮ ದೇಶದ ಮಕ್ಕಳ ನರರೋಗ ತಜ್ಞರ ಸಂಘವೂ ಭಾರತೀಯ ಎಪಿಲೆಪ್ಸಿ ಸೊಸೈಟಿಯೂ ಸೇರಿ 2022ರಲ್ಲಿ ಇಲ್ಲಿನ ಮಾರ್ಗಸೂಚಿ ಪ್ರಕಟಿಸಿದವು. ತಲೆ ಸ್ಕ್ಯಾನ್ ಮತ್ತು ಇಇಜಿ ವಿಷಯದಲ್ಲಿ ಎರಡೂ ಕಡೆಯ ಮಾತು ಒಂದೇ: ಸರಳ ಜ್ವರದ ಫಿಟ್ಸ್‌ಗೆ ಅವು ಬೇಡ. ಒಂದೊಂದೇ ಪರೀಕ್ಷೆಯನ್ನು ನೋಡೋಣ.

ಡಾಕ್ಟರ್ ಕೈಯ ಪರೀಕ್ಷೆ: ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಗು ಎಚ್ಚರವಾಗಿ ನೋಡುತ್ತಿದೆಯೇ, ಕುತ್ತಿಗೆ ಬಿಗಿಯಾಗಿದೆಯೇ, ನೆತ್ತಿ ಉಬ್ಬಿದೆಯೇ, ಮೈಮೇಲೆ ಗುಳ್ಳೆ ಅಥವಾ ಕೆಂಪು ಚುಕ್ಕೆ ಇದೆಯೇ, ಕಿವಿ, ಗಂಟಲು, ಎದೆ ಹೇಗಿವೆ ಎಂದು ಡಾಕ್ಟರ್ ನೋಡುತ್ತಾರೆ. ಇದಕ್ಕೆ ಯಂತ್ರ ಬೇಕಿಲ್ಲ. ಆದರೆ ಮಗುವಿಗೆ ಮೆದುಳು ಜ್ವರ ಇರಬಹುದೇ ಎಂಬ ಅನುಮಾನ ಹುಟ್ಟುವುದೂ ಪರಿಹಾರವಾಗುವುದೂ ಇಲ್ಲೇ.

ಸಕ್ಕರೆ ಪರೀಕ್ಷೆ: ಮಗು ಆಸ್ಪತ್ರೆಗೆ ಬಂದಾಗಲೂ ಫಿಟ್ಸ್ ನಡೆಯುತ್ತಿದ್ದರೆ, ಅಥವಾ ಎಚ್ಚರವೇ ಆಗದಿದ್ದರೆ ಬೆರಳು ಚುಚ್ಚಿ ಸಕ್ಕರೆ ಮಟ್ಟ ನೋಡುತ್ತಾರೆ. ಅದು ಸರಿಯಾದ ಕ್ರಮ. ಎದ್ದು ಆಟವಾಡುತ್ತಿರುವ ಮಗುವಿಗೆ ಅದರ ಅಗತ್ಯವಿಲ್ಲ.

ರಕ್ತದಲ್ಲಿ ಸೋಡಿಯಂ, ಕ್ಯಾಲ್ಸಿಯಂ ಇತ್ಯಾದಿ: ಫಿಟ್ಸ್‌ನ ಕಾರಣ ಹುಡುಕಲೆಂದೇ ಎಲ್ಲ ಮಕ್ಕಳಿಗೂ ಇದನ್ನು ಮಾಡಿಸಬೇಕಿಲ್ಲ. ವಾಂತಿ ಭೇದಿ ಜೋರಾಗಿದ್ದರೆ, ಮೈಯ ನೀರು ಬತ್ತಿದ್ದರೆ, ಮಗು ಆರು ತಿಂಗಳಿಗಿಂತ ಚಿಕ್ಕದಾಗಿದ್ದರೆ ಮಾತು ಬೇರೆ.

ಜ್ವರದ ಕಾರಣ ಹುಡುಕುವ ಪರೀಕ್ಷೆಗಳು: ಇವು ಫಿಟ್ಸ್‌ಗಾಗಿ ಅಲ್ಲ, ಜ್ವರಕ್ಕಾಗಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ದೇವದುರ್ಗ, ತುಂಗಭದ್ರಾ ಕಾಲುವೆಯ ಮಾನ್ವಿ, ಇವು ಭತ್ತದ ಗದ್ದೆ ಮತ್ತು ಸೊಳ್ಳೆ ಇರುವ ಸೀಮೆ. ಇಲ್ಲಿನ ಮಗುವಿಗೆ ಜ್ವರ ಬಂದು ಫಿಟ್ಸ್ ಆದರೆ ಡಾಕ್ಟರ್ ಮಲೇರಿಯಾ ಪರೀಕ್ಷೆ ಬರೆದರೆ ಅದು ವಿವೇಕದ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಎರಡು ವರ್ಷದೊಳಗಿನ ಮಗುವಿನ ಜ್ವರಕ್ಕೆ ಬೇರೆ ಕಾರಣ ಕಾಣದಿದ್ದರೆ ಮೂತ್ರ ಪರೀಕ್ಷೆ ಮಾಡಿಸುವುದೂ ಸರಿ.

ಹಿಮೋಗ್ಲೋಬಿನ್: ಕಬ್ಬಿಣಾಂಶದ ಕೊರತೆ ಇರುವ ಮಕ್ಕಳಲ್ಲಿ ಜ್ವರದ ಫಿಟ್ಸ್ ಸ್ವಲ್ಪ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರರಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಹಾಗಾಗಿ ಮಗು ಬಿಳಿಚಿಕೊಂಡಿದ್ದರೆ ಈ ಪರೀಕ್ಷೆ ಮಾಡಿಸಿ, ಕಬ್ಬಿಣದ ಸಿರಪ್ ಕೊಡಿಸುವುದು ಒಳ್ಳೆಯದೇ. ಫಿಟ್ಸ್ ಬಾರದಿದ್ದರೂ ಅದು ಬೇಕಾದದ್ದೇ.

ಇಇಜಿ: ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ಸರಳ ಜ್ವರದ ಫಿಟ್ಸ್ ಆದ ಆರೋಗ್ಯವಂತ ಮಗುವಿಗೆ ಇದನ್ನು ಮಾಡಬಾರದು ಎಂದೇ 2011ರ ಮಾರ್ಗಸೂಚಿ ಹೇಳುತ್ತದೆ. ಮುಂದೆ ಫಿಟ್ಸ್ ಮತ್ತೆ ಬರುತ್ತದೋ, ಮೂರ್ಛೆರೋಗ ಆಗುತ್ತದೋ ಎಂದು ಈ ಪರೀಕ್ಷೆ ಹೇಳಲಾರದು.

ಸಿಟಿ, ಎಂಆರ್‌ಐ: ಸರಳ ಫಿಟ್ಸ್‌ಗೆ ಬೇಡ. ಚಿಕಿತ್ಸೆ ಬದಲಿಸುವಂಥದ್ದು ಅದರಲ್ಲಿ ಸಿಗುವುದಿಲ್ಲ.

“ಮಾಡಿಸಿದರೆ ನಷ್ಟ ಏನು? ಮನಸ್ಸಿಗೆ ನೆಮ್ಮದಿ ಅಲ್ಲವೇ?”

ಈ ಪ್ರಶ್ನೆ ನ್ಯಾಯವಾದದ್ದು. ದುಡ್ಡಿನ ಮಾತು ಬಿಟ್ಟರೂ ಮೂರು ನಷ್ಟಗಳಿವೆ.

ಮೊದಲನೆಯದು ವಿಕಿರಣ. ತಲೆಯ ಒಂದು ಸಿಟಿ ಸ್ಕ್ಯಾನ್‌ನಲ್ಲಿ ಎದೆಯ ಸುಮಾರು 100 ಎಕ್ಸ್‌ರೇಗಳಷ್ಟು ವಿಕಿರಣ ಇರುತ್ತದೆ. ಬೇಕಾದ ಮಗುವಿಗೆ ಆ ಅಪಾಯ ತೀರಾ ಚಿಕ್ಕದು, ಹಿಂಜರಿಯದೆ ಮಾಡಿಸಬೇಕು. ಬೇಡದ ಮಗುವಿಗೆ ಅದನ್ನು ಸುಮ್ಮನೆ ಯಾಕೆ ಕೊಡಬೇಕು? ಎಂಆರ್‌ಐನಲ್ಲಿ ವಿಕಿರಣ ಇಲ್ಲ. ಆದರೆ ಒಂದೂವರೆ ವರ್ಷದ ಮಗು ಅಲ್ಲಾಡದೆ ಅರ್ಧ ಗಂಟೆ ಮಲಗುವುದಿಲ್ಲ, ಮತ್ತು ಬರುವ ಔಷಧ ಕೊಡಬೇಕಾಗುತ್ತದೆ. ಜ್ವರ ಇರುವ ಮಗುವಿಗೆ ಅದಕ್ಕೂ ತನ್ನದೇ ಅಪಾಯ ಇದೆ.

ಎರಡನೆಯದು ಸುಳ್ಳು ಎಚ್ಚರಿಕೆ. ಒಮ್ಮೆಯೂ ಫಿಟ್ಸ್ ಬಾರದ ಆರೋಗ್ಯವಂತ ಮಕ್ಕಳ ಇಇಜಿ ತೆಗೆದರೂ ನೂರರಲ್ಲಿ 2ರಿಂದ 4 ಮಕ್ಕಳ ವರದಿಯಲ್ಲಿ ಏರುಪೇರು ಕಾಣುತ್ತದೆ. ಜ್ವರದ ಫಿಟ್ಸ್ ಆದ ಮಕ್ಕಳಲ್ಲಿ ಇನ್ನೂ ಹೆಚ್ಚು. ವರದಿಯಲ್ಲಿ “ಅಸಹಜ” ಎಂದು ಅಚ್ಚಾದ ಮೇಲೆ ಅದನ್ನು ಮರೆಯುವ ತಂದೆ ತಾಯಿ ಇಲ್ಲ. ಮಗುವಿಗೆ “ಫಿಟ್ಸ್ ರೋಗ ಐತಿ” ಎಂಬ ಹೆಸರು ಬೀಳುತ್ತದೆ. ಅಂಗನವಾಡಿಯಿಂದ ಮದುವೆ ಮಾತುಕತೆಯವರೆಗೂ, ಅದರಲ್ಲೂ ಹೆಣ್ಣುಮಗುವಾದರೆ, ಆ ಹೆಸರು ಬೆನ್ನು ಬಿಡುವುದಿಲ್ಲ. ಇಲ್ಲದ ರೋಗದ ಹೆಸರು ಅದು.

ಮೂರನೆಯದು ಬೇಡದ ಮಾತ್ರೆ. ವರದಿ ನೋಡಿ ದಿನಾ ಕುಡಿಸುವ ಫಿಟ್ಸ್ ಔಷಧ ಶುರುವಾಗುತ್ತದೆ. ಒಂದು ಕಾಲದಲ್ಲಿ ಜ್ವರದ ಫಿಟ್ಸ್ ಆದ ಮಕ್ಕಳಿಗೆ ಫಿನೋಬಾರ್ಬಿಟೋನ್ ಎಂಬ ಔಷಧವನ್ನು ವರ್ಷಗಟ್ಟಲೆ ಕೊಡುವ ರೂಢಿ ಇತ್ತು. ಅಮೆರಿಕದ ಸಂಶೋಧಕರು 8 ತಿಂಗಳಿಂದ 3 ವರ್ಷದ 217 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಔಷಧವನ್ನೂ ಇನ್ನೊಂದಕ್ಕೆ ಔಷಧದಂತೆ ಕಾಣುವ ಬರೀ ದ್ರವವನ್ನೂ ಕೊಟ್ಟು ನೋಡಿದರು. 1990ರಲ್ಲಿ ಫಲಿತಾಂಶ ಹೊರಬಂತು. ಔಷಧ ಕುಡಿದ ಗುಂಪಿನಲ್ಲಿ ಫಿಟ್ಸ್ ಕಡಿಮೆಯಾಗಿರಲಿಲ್ಲ. ಬುದ್ಧಿಮಟ್ಟದ ಅಂಕ ಮಾತ್ರ ಇನ್ನೊಂದು ಗುಂಪಿಗಿಂತ ಕೆಳಗಿತ್ತು. ಬುದ್ಧಿ ಕುಂದುತ್ತದೆ ಎಂದು ಹೆದರಿ ಕೊಟ್ಟ ಔಷಧವೇ ಬುದ್ಧಿಗೆ ಕುತ್ತು ತಂದಿತ್ತು.

ಹಾಗಾದರೆ ಜ್ವರದ ಫಿಟ್ಸ್‌ನಿಂದ ಬುದ್ಧಿ ಕಡಿಮೆಯಾಗುವುದಿಲ್ಲವೇ?

ಇಲ್ಲ. 1976ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಜ್ವರದ ಫಿಟ್ಸ್ ಆದ 1,706 ಮಕ್ಕಳನ್ನು ಏಳನೇ ವಯಸ್ಸಿನವರೆಗೆ ಗಮನಿಸಿತು. ಅವರಲ್ಲಿ ಮೂರ್ಛೆರೋಗಕ್ಕೆ ತಿರುಗಿದ್ದು ನೂರಕ್ಕೆ ಸುಮಾರು ಇಬ್ಬರದು. ಮೊದಲಿನಿಂದ ಆರೋಗ್ಯವಾಗಿದ್ದು ಸರಳ ಫಿಟ್ಸ್ ಮಾತ್ರ ಆದವರಲ್ಲಿ ಅದು ನೂರಕ್ಕೆ ಒಬ್ಬರ ಆಸುಪಾಸು. ಬ್ರಿಟನ್ನಿನಲ್ಲಿ ಜ್ವರದ ಫಿಟ್ಸ್ ಆಗಿದ್ದ 381 ಮಕ್ಕಳನ್ನು ಹತ್ತನೇ ವಯಸ್ಸಿನಲ್ಲಿ ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಓದು, ಬುದ್ಧಿ, ನಡವಳಿಕೆ ಎಲ್ಲದರಲ್ಲೂ ಅವರು ಓರಗೆಯ ಮಕ್ಕಳಂತೆಯೇ ಇದ್ದರು.

ಸ್ಕ್ಯಾನ್ ಆಗಲಿ ಇಇಜಿ ಆಗಲಿ ಈ ಒಳ್ಳೆಯ ಫಲಿತಾಂಶವನ್ನು ಇನ್ನಷ್ಟು ಒಳ್ಳೆಯದು ಮಾಡುವುದಿಲ್ಲ.

ಬೆನ್ನಿನ ನೀರು: ನಾವು ಬೇಡ ಎನ್ನುವ ಪರೀಕ್ಷೆಯೇ ಕೆಲವೊಮ್ಮೆ ಬೇಕಾದದ್ದು

ನಮ್ಮಲ್ಲಿ ಒಂದು ತಿರುವುಮುರುವು ಇದೆ. ಡಾಕ್ಟರ್ ತಲೆ ಸ್ಕ್ಯಾನ್ ಎಂದರೆ ಮನೆಯವರು ಸಾಲ ಮಾಡಿಯಾದರೂ ಒಪ್ಪುತ್ತಾರೆ. ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದರೆ “ಬ್ಯಾಡ್ರಿ, ಸೊಂಟ ಬಿದ್ದು ಹೋಗ್ತದ” ಎಂದು ಮಗುವನ್ನು ಎತ್ತಿಕೊಂಡು ಹೊರಡುತ್ತಾರೆ. ಬೇಡದ ಯಂತ್ರಕ್ಕೆ ಒಪ್ಪಿಗೆ, ಬೇಕಾಗಬಹುದಾದ ಸೂಜಿಗೆ ಭಯ.

ಜ್ವರ ಮತ್ತು ಫಿಟ್ಸ್ ಒಟ್ಟಿಗೆ ಬಂದಾಗ ಡಾಕ್ಟರ್ ತಳ್ಳಿಹಾಕಬೇಕಾದ ದೊಡ್ಡ ಶತ್ರು ಮೆನಿಂಜೈಟಿಸ್, ಅಂದರೆ ಮೆದುಳಿನ ಸುತ್ತಲ ಪೊರೆಗೆ ತಗಲುವ ಸೋಂಕು. ಅದು ಇದೆಯೋ ಇಲ್ಲವೋ ಎಂದು ನೇರವಾಗಿ ಹೇಳುವುದು ಬೆನ್ನಿನ ನೀರು ಮಾತ್ರ. ಸ್ಕ್ಯಾನ್ ಅದನ್ನು ಖಚಿತವಾಗಿ ಹೇಳಲಾರದು. ಸೂಜಿ ಹಾಕುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ. ಅಲ್ಲಿ ಇರುವುದು ನೀರು ಮತ್ತು ಸಡಿಲವಾಗಿ ತೇಲುವ ನರಗಳು. ತೆಗೆಯುವುದು ಕೆಲವೇ ಹನಿ, ದೇಹ ಅದನ್ನು ಬೇಗ ತುಂಬಿಕೊಳ್ಳುತ್ತದೆ. ಮಗುವಿನ ಕಾಲು ಬೀಳುತ್ತದೆ ಎನ್ನುವ ಭಯಕ್ಕೆ ಆಧಾರವಿಲ್ಲ. ಚಿಕಿತ್ಸೆ ಸಿಗದ ಮೆನಿಂಜೈಟಿಸ್‌ನಿಂದ ಮಾತ್ರ ಕಿವಿ ಕೇಳದಂತಾಗುವುದು, ಕೈಕಾಲು ಬೀಳುವುದು, ಸಾವು, ಎಲ್ಲವೂ ನಿಜ.

ಹಾಗೆಂದು ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಮೊದಲ ಸರಳ ಜ್ವರದ ಫಿಟ್ಸ್ ಆಗಿ ಬಂದ, 6ರಿಂದ 18 ತಿಂಗಳ 704 ಮಕ್ಕಳ ದಾಖಲೆ ನೋಡಿ 2009ರಲ್ಲಿ ವರದಿ ಮಾಡಿದರು. 271 ಮಕ್ಕಳ ಬೆನ್ನಿನ ನೀರು ತೆಗೆಯಲಾಗಿತ್ತು. ಯಾರಲ್ಲೂ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಸಿಗಲಿಲ್ಲ. ಆದರೆ ಈ ಅಂಕಿಯನ್ನು ಹಾಗೇ ಎತ್ತಿ ರಾಯಚೂರಿಗೆ ಹಚ್ಚಲಾಗದು. ಆ ಊರಿನ ಮಕ್ಕಳಿಗೆ ಮೆನಿಂಜೈಟಿಸ್ ತರುವ ಎರಡು ಮುಖ್ಯ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ ಸಾಮಾನ್ಯವಾಗಿ ಆಗಿರುತ್ತದೆ. 1996ರಲ್ಲಿ ಒಂದು ವರ್ಷದೊಳಗಿನವರಿಗೆ ಬೆನ್ನಿನ ನೀರು ತೆಗೆಯುವುದನ್ನು ಗಟ್ಟಿಯಾಗಿ ಪರಿಗಣಿಸಿ ಎಂದಿದ್ದ ಅಮೆರಿಕದ ಅಕಾಡೆಮಿ, 2011ರಲ್ಲಿ ಮಾತು ಸಡಿಲಿಸಿದ್ದಕ್ಕೂ ಆ ಲಸಿಕೆಗಳೇ ಮುಖ್ಯ ಕಾರಣ.

ಈಗಿನ ಕ್ರಮ ಹೀಗಿದೆ. ಕುತ್ತಿಗೆ ಬಿಗಿತ ಮೊದಲಾದ ಲಕ್ಷಣ ಇದ್ದರೆ ಯಾವ ವಯಸ್ಸಾದರೂ ಬೆನ್ನಿನ ನೀರು ನೋಡಲೇಬೇಕು. 6ರಿಂದ 12 ತಿಂಗಳ ಮಗುವಿಗೆ ಆ ಎರಡು ಲಸಿಕೆ ಆಗಿರದಿದ್ದರೆ, ಅಥವಾ ಆಗಿದೆಯೋ ಇಲ್ಲವೋ ತಿಳಿಯದಿದ್ದರೆ, ಡಾಕ್ಟರ್ ಯೋಚಿಸಿ ನಿರ್ಧರಿಸಬೇಕು. ಮಗುವಿಗೆ ಮೊದಲೇ ಆಂಟಿಬಯೋಟಿಕ್ ಕೊಟ್ಟಿದ್ದರೂ ಅಷ್ಟೇ, ಯಾಕೆಂದರೆ ಅರೆಬರೆ ಔಷಧ ರೋಗದ ಲಕ್ಷಣವನ್ನು ಮುಚ್ಚಿಹಾಕುತ್ತದೆ. ಒಂದು ವರ್ಷದೊಳಗಿನ ಕೂಸಿನಲ್ಲಿ ಮೆನಿಂಜೈಟಿಸ್ ಇದ್ದರೂ ಕುತ್ತಿಗೆ ಮೆತ್ತಗೇ ಇರಬಹುದು ಎನ್ನುವುದನ್ನೂ ನೆನಪಿಡಬೇಕು.

ತಾಯಿ ಕಾರ್ಡ್ ಯಾಕೆ ಅಷ್ಟು ಮುಖ್ಯ?

ಮೇಲೆ ಹೇಳಿದ ಎರಡು ಲಸಿಕೆಗಳು ನಮ್ಮ ಸರ್ಕಾರಿ ಪಟ್ಟಿಯಲ್ಲೂ ಇವೆ. ಒಂದು ಪೆಂಟಾವೇಲೆಂಟ್ ಸೂಜಿಯೊಳಗೇ ಇದೆ. ಅದು ಕರ್ನಾಟಕದಲ್ಲಿ 2013ರಲ್ಲಿ ಶುರುವಾಯಿತು, ಆರು, ಹತ್ತು ಮತ್ತು ಹದಿನಾಲ್ಕನೇ ವಾರದಲ್ಲಿ ಹಾಕುತ್ತಾರೆ. ಇನ್ನೊಂದು ನ್ಯುಮೋಕಾಕಲ್ ಲಸಿಕೆ. 2021ರಲ್ಲಿ ದೇಶದಾದ್ಯಂತ ವಿಸ್ತರಿಸಿದ ಇದನ್ನು ಆರನೇ ವಾರ, ಹದಿನಾಲ್ಕನೇ ವಾರ ಮತ್ತು ಒಂಬತ್ತನೇ ತಿಂಗಳಲ್ಲಿ ಹಾಕುತ್ತಾರೆ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರದ ವಿರುದ್ಧ 2006ರಲ್ಲೇ ಲಸಿಕಾ ಅಭಿಯಾನ ನಡೆದಿತ್ತು. ಈ ಭಾಗದ ಡಾಕ್ಟರುಗಳ ತಲೆಯಲ್ಲಿ ಆ ಕಾಯಿಲೆಯೂ ಇರುತ್ತದೆ.

ಈಗ ಗುಳೆ ಹೋಗುವ ಮನೆಗಳನ್ನು ನೆನೆಯಿರಿ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಕೂಸು ಜೊತೆಗೆ ಹೋಗುತ್ತದೆ, ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿ ಉಳಿಯುತ್ತದೆ. ಒಂದೆರಡು ಸೂಜಿ ತಪ್ಪುತ್ತವೆ. ಅಂಥ ಮಗು ಜ್ವರ, ಫಿಟ್ಸ್ ಎಂದು ಆಸ್ಪತ್ರೆಗೆ ಬಂದರೆ “ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದು” ಎಂದೇ ಡಾಕ್ಟರ್ ಹಿಡಿಯಬೇಕಾಗುತ್ತದೆ. ಆ ಒಂದು ಕಾಗದ ಕೈಯಲ್ಲಿದ್ದರೆ ಒಂದು ಸೂಜಿ ತಪ್ಪಬಹುದು, ಅಥವಾ ಬೇಕಾದ ಸೂಜಿ ಬೇಗ ಬೀಳಬಹುದು. ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ತಂದೆ ತಾಯಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಖರ್ಚಿಲ್ಲದ ಕೆಲಸ.

ಊರಲ್ಲಿ ಮೊದಲೇ ಯಾರಾದರೂ ಇಂಜೆಕ್ಷನ್ ಮಾಡಿದ್ದರೆ, ಸಿರಪ್ ಕೊಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಬೈಯುತ್ತಾರೆ ಎಂದು ಹೆದರಬೇಡಿ. ಖಾಲಿ ಬಾಟಲಿ, ಚೀಟಿ ಏನಿದ್ದರೂ ತೋರಿಸಿ.

“ನಮ್ಮ ಓಣಿಯ ಮಗುವಿಗೆ ಸ್ಕ್ಯಾನ್ ಮಾಡಿಸಿದ್ದಕ್ಕೇ ರೋಗ ಸಿಕ್ಕಿತಲ್ಲ?”

ಸಿಕ್ಕಿರಬಹುದು. ಜ್ವರವೇ ಇಲ್ಲದೆ ಫಿಟ್ಸ್ ಬಂದಿದ್ದರೆ, ಅದರಲ್ಲೂ ಮೈಯ ಒಂದೇ ಬದಿಗೆ ಬಂದಿದ್ದರೆ, ಸ್ಕ್ಯಾನ್ ಮಾಡಿಸಬೇಕು. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿ ಮೆದುಳಿನಲ್ಲಿ ಗಂಟಾಗಿ ಕೂತು ಫಿಟ್ಸ್ ತರುವುದು ಸಾಮಾನ್ಯ, ಅದು ಸ್ಕ್ಯಾನ್‌ನಲ್ಲೇ ಕಾಣುವುದು. ಆದರೆ ಅದು ಬೇರೆ ಕಥೆ. ಓಣಿಯ ಎಂಟು ವರ್ಷದ ಹುಡುಗನಿಗೆ ಸರಿಯಾದದ್ದು ನಿಮ್ಮ ಒಂದೂವರೆ ವರ್ಷದ ಜ್ವರದ ಮಗುವಿಗೂ ಸರಿ ಎಂದಾಗುವುದಿಲ್ಲ.

ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಈ ಕೆಳಗಿನ ಯಾವುದೇ ಒಂದು ಇದ್ದರೂ ಮೇಲೆ ಹೇಳಿದ “ಬೇಡ” ಎಂಬ ಮಾತು ಅನ್ವಯಿಸುವುದಿಲ್ಲ. ಆಗ ಯಾವ ಪರೀಕ್ಷೆ ಎಂಬುದನ್ನು ಡಾಕ್ಟರ್ ನಿರ್ಧರಿಸಲಿ.

- ಫಿಟ್ಸ್ 5 ನಿಮಿಷವಾದರೂ ನಿಲ್ಲದಿದ್ದರೆ
- ಅದೇ ದಿನ ಮತ್ತೆ ಬಂದರೆ
- ಒಂದೇ ಕೈ, ಒಂದೇ ಕಾಲು ಅದುರಿದ್ದರೆ, ಅಥವಾ ಆಮೇಲೆ ಒಂದು ಬದಿ ಸೋತಿದ್ದರೆ
- ಫಿಟ್ಸ್ ನಿಂತು ಒಂದು ಗಂಟೆಯಾದರೂ ಮಗು ಮೊದಲಿನಂತೆ ಗುರುತು ಹಿಡಿಯದಿದ್ದರೆ, ಮಂಕಾಗಿ ಬಿದ್ದಿದ್ದರೆ
- ಕುತ್ತಿಗೆ ಬಿಗಿ, ನೆತ್ತಿ ಉಬ್ಬು, ನಿಲ್ಲದ ವಾಂತಿ, ಎತ್ತಿಕೊಂಡರೂ ಸಮಾಧಾನವಾಗದ ಕಿರುಚಾಟ ಇದ್ದರೆ
- ಮೈಮೇಲೆ ಒತ್ತಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಚುಕ್ಕೆ ಇದ್ದರೆ
- ಮಗು 6 ತಿಂಗಳಿಗಿಂತ ಚಿಕ್ಕದು ಅಥವಾ 5 ವರ್ಷಕ್ಕಿಂತ ದೊಡ್ಡದಾಗಿದ್ದರೆ
- ಹಾಲು, ನೀರು ಏನೂ ಕುಡಿಯದಿದ್ದರೆ

108ಕ್ಕೆ ಕರೆ ಮಾಡಿ. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆ ಹತ್ತಿರವಾದರೆ ಮೊದಲು ಅಲ್ಲಿ ಫಿಟ್ಸ್ ನಿಲ್ಲಿಸುವ ಔಷಧ ಕೊಡಿಸಿ, ಅಗತ್ಯವಿದ್ದರೆ ರಾಯಚೂರಿನ ರಿಮ್ಸ್‌ಗೆ ಹೋಗಿ. ಫಿಟ್ಸ್ ನಡೆಯುತ್ತಿರುವಾಗಲೇ ಹತ್ತಿರದ ಆಸ್ಪತ್ರೆ ದಾಟಿ ದೂರದ ದೊಡ್ಡ ಆಸ್ಪತ್ರೆಗೆ ಓಡುವುದು ಒಳ್ಳೆಯದಲ್ಲ.

ಫಿಟ್ಸ್ ನಡೆಯುತ್ತಿರುವಾಗ ಏನು ಮಾಡಬೇಕು?

ಮಗುವನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಬಾಯಿಯ ನೊರೆ ಹೊರಗೆ ಹರಿಯಲಿ. ಕುತ್ತಿಗೆಯ ಬಳಿ ಬಟ್ಟೆ ಸಡಿಲಿಸಿ. ಗಡಿಯಾರ ನೋಡಿ, ಶುರುವಾದ ಹೊತ್ತು ನೆನಪಿಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧ ಏನನ್ನೂ ಹಾಕಬೇಡಿ. ಕೈಕಾಲು ಬಿಗಿಯಾಗಿ ಹಿಡಿಯಬೇಡಿ. ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದು, ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ನಿಲ್ಲುವ ಹೊತ್ತಿಗೆ ಕೀಲಿಕೈ ಕೈಯಲ್ಲಿರುತ್ತದೆ, ಅಷ್ಟೇ.

ಮನೆಯಲ್ಲಿ ಇನ್ನೊಬ್ಬರು ಇದ್ದರೆ ಅವರ ಕೈಗೆ ಫೋನ್ ಕೊಟ್ಟು ಅರ್ಧ ನಿಮಿಷದ ವಿಡಿಯೊ ಮಾಡಿಸಿ. ಆಸ್ಪತ್ರೆ ತಲುಪುವಾಗ ಫಿಟ್ಸ್ ಸಾಮಾನ್ಯವಾಗಿ ನಿಂತಿರುತ್ತದೆ. ಒಂದು ಬದಿಯೋ ಎರಡು ಬದಿಯೋ, ನಿಜವಾದ ಫಿಟ್ಸೋ ಅಥವಾ ಚಳಿಗೆ ಮೈ ನಡುಗಿದ್ದೋ ಎಂದು ಡಾಕ್ಟರಿಗೆ ಹೇಳಬಲ್ಲದ್ದು ಆ ವಿಡಿಯೊ. ಎಷ್ಟೋ ಸಲ ಸ್ಕ್ಯಾನ್‌ಗಿಂತ ಅದರಿಂದ ತಿಳಿಯುವುದು ಹೆಚ್ಚು. ಡಾಕ್ಟರಿಗೆ ತೋರಿಸಿ, ಗುಂಪಿಗೆ ಹಾಕಬೇಡಿ. ಅದು ನಿಮ್ಮ ಮಗುವಿನ ಮಾನದ ಪ್ರಶ್ನೆ.

ಮುಂದೇನು?

ಮೂರರಲ್ಲಿ ಒಂದು ಮಗುವಿಗೆ ಮುಂದಿನ ಜ್ವರದಲ್ಲಿ ಮತ್ತೆ ಫಿಟ್ಸ್ ಬರಬಹುದು. ಮೊದಲ ಸಲ ಬಂದಾಗ ಒಂದು ವರ್ಷದೊಳಗಿದ್ದರೆ ಎರಡರಲ್ಲಿ ಒಂದು ಮಗುವಿಗೆ. ಪ್ಯಾರಾಸಿಟಮಾಲ್ ಮಗುವಿನ ಮೈಕೈ ನೋವಿಗೆ ಹಾಯ್ ಎನಿಸುತ್ತದೆ, ಆದರೆ ಮುಂದಿನ ಫಿಟ್ಸ್ ತಡೆಯುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಹೆದರಿ ಪದೇ ಪದೇ ಕುಡಿಸಬೇಡಿ, ತೂಕಕ್ಕೆ ತಕ್ಕ ಪ್ರಮಾಣ ಕೇಳಿಕೊಳ್ಳಿ. ಮತ್ತೆ ಮತ್ತೆ ಬರುವ ಮಕ್ಕಳಿಗೆ ಜ್ವರದ ದಿನಗಳಲ್ಲಷ್ಟೇ ಕೊಡುವ ಔಷಧ, 5 ನಿಮಿಷ ಮೀರಿದರೆ ಮೂಗಿಗೆ ಹೊಡೆಯುವ ಸ್ಪ್ರೇ ಇವೆ. ಅದನ್ನು ಡಾಕ್ಟರ್ ಹೇಳಿಕೊಡುತ್ತಾರೆ.

ಲಸಿಕೆ ನಿಲ್ಲಿಸಬೇಡಿ. ಕೆಲವು ಲಸಿಕೆಗಳ ನಂತರ ಜ್ವರ ಬರಬಹುದು, ಅಪರೂಪಕ್ಕೆ ಆ ಜ್ವರದಲ್ಲಿ ಫಿಟ್ಸೂ ಬರಬಹುದು. ಅದೂ ಇದೇ ಸರಳ ಬಗೆಯದು. ಅದೇ ಲಸಿಕೆ ತಡೆಯುವ ದಡಾರ, ಮೆನಿಂಜೈಟಿಸ್‌ಗಳು ಸರಳವಲ್ಲ.

ಡಾಕ್ಟರನ್ನು ಕೇಳಬಹುದಾದ ಮೂರು ಪ್ರಶ್ನೆ

ಪರೀಕ್ಷೆ ಬರೆಯದ ಡಾಕ್ಟರ್ ಏನೂ ತಿಳಿಯದವರು ಎಂದುಕೊಳ್ಳುವ ರೂಢಿ ನಮ್ಮಲ್ಲಿದೆ. ನಾಳೆ ಏನಾದರೂ ಆದರೆ ಜನ ತಮ್ಮನ್ನೇ ಹಿಡಿಯುತ್ತಾರೆ ಎಂಬ ಹೆದರಿಕೆ ಡಾಕ್ಟರುಗಳಿಗೂ ಇದೆ. ಇಬ್ಬರ ಭಯವೂ ಸೇರಿ ಚೀಟಿ ಉದ್ದವಾಗುತ್ತದೆ. ಅದನ್ನು ಗಿಡ್ಡ ಮಾಡುವುದು ಜಗಳವಲ್ಲ, ಮಾತು. ಗೌರವದಿಂದಲೇ ಕೇಳಬಹುದು:

- “ಸರ್, ನಮ್ಮ ಮಗುವಿಂದು ಸರಳ ಫಿಟ್ಸ್ ಏನ್ರೀ, ಸಂಕೀರ್ಣ ಏನ್ರೀ?”
- “ಮೇಡಂ, ಜ್ವರಕ್ಕ ಕಾರಣ ಏನಂತ ಗೊತ್ತಾತೇನ್ರೀ? ಮೆದುಳು ಜ್ವರದ ಅನುಮಾನ ಐತೇನ್ರೀ?”
- “ಈ ಪರೀಕ್ಷೆಯಿಂದ ಕೊಡೋ ಔಷಧ ಏನಾದರೂ ಬದಲಾಗ್ತದೇನ್ರೀ?”

ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದು, ಅದರ ಕಾರಣವನ್ನೂ ಹೇಳಿದರೆ ಆ ಪರೀಕ್ಷೆ ಮಾಡಿಸಿ, ಅದು ಬೆನ್ನಿನ ನೀರಾದರೂ ಸರಿ. ಏನೂ ಬದಲಾಗದು ಎಂದಾದರೆ ಆ ದುಡ್ಡಿನಲ್ಲಿ ಮಗುವಿಗೆ ಮೊಟ್ಟೆ, ಹಾಲು, ಸೊಪ್ಪು ತನ್ನಿ.

ಮುಂದಿನ ಸಲ “ತಕ್ಷಣ ತಲೆ ಸ್ಕ್ಯಾನ್ ಮಾಡಿಸಿ” ಎಂಬ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕೆನಿಸಿದರೆ ಇಷ್ಟು ಕಳಿಸಿ: ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 5 ನಿಮಿಷ ಮೀರಿದರೆ 108, ನಿಂತರೂ ಅದೇ ದಿನ ಡಾಕ್ಟರಿಗೆ ತೋರಿಸಿ, ತಾಯಿ ಕಾರ್ಡ್ ಮರೆಯಬೇಡಿ.